ದುರ್ಬೀನಿನ ಪಾಲು

ಹೈದರಾಬಾದು
೯ ಜುಲೈ ೧೯೫೬

ಅಕ್ಕ ಶೇಖಮ್ಮನಿಗೆ ತಮ್ಮ ಬಸವಂತ್ರಾಯನ ನಮಸ್ಕಾರ.

"ಎಳ್ಳ ಅಮಾಸಿಗಾದ್ರೂ ಊರಿಗೆ ಬಾ, ನಿನ್ನ ಕಲ್ಲು ಎಲ್ಲಿ ಓಡಿ ಹೋಗತದ" ಎಂದು ಬರೆದಿದ್ದೀ. ಓಡಿ ಹೋಗುವುದೇ ಅದರ ಕಸುಬು. ಈ ವೇಧಶಾಲೆಗೆ ಸೇರಿ ಹದಿನೆಂಟು ವರ್ಷವಾಯಿತು. ಊರವರ ಮುಂದೆ ನೀನು ಇನ್ನೂ "ನಮ್ಮ ತಮ್ಮ ಹೈದರಾಬಾದಿನ್ಯಾಗ ಚುಕ್ಕಿ ಎಣಸತಾನ" ಎನ್ನುತ್ತೀಯಂತೆ. ನಿನ್ನ ಮೈದುನ ಅಂಬ್ರಪ್ಪ ಶಹಾಪುರ ತಹಸೀಲಿನ ಟಪಾಲು ಹೊತ್ತು ಇಲ್ಲಿಗೆ ಬಂದಾಗ ನಗುತ್ತ ಹೇಳಿದ. ನನಗೇನೂ ನಗು ಬರಲಿಲ್ಲ.

ಇನ್ನೊಮ್ಮೆ ಬರೆಯುತ್ತೇನೆ, ಈ ಸಲವಾದರೂ ತಲೆಗೆ ಹಾಕಿಕೊ. ಮಂಗಳಕ್ಕೂ ಗುರುವಿಗೂ ನಡುವೆ ಸಾವಿರಾರು ಸಣ್ಣ ಗ್ರಹಗಳು ಸೂರ್ಯನನ್ನು ಸುತ್ತುತ್ತವೆ. ಬರಿಗಣ್ಣಿಗೆ ಕಾಣುವುದಿಲ್ಲ. ದೊಡ್ಡ ದುರ್ಬೀನಿಗೆ ಗಾಜಿನ ಫಲಕ ಹಾಕಿ ತಾಸುಗಟ್ಟಲೆ ಫೋಟೋ ತೆಗೆದರೆ ನಕ್ಷತ್ರಗಳು ಚುಕ್ಕಿಯಾಗಿ ಬೀಳುತ್ತವೆ. ನಡೆಯುತ್ತಿರುವ ಸಣ್ಣ ಗ್ರಹ ಮಾತ್ರ ಕೂದಲೆಳೆಯಂಥ ಗೆರೆಯಾಗಿ ಬೀಳುತ್ತದೆ. ಮೂರು ವರ್ಷದ ಹಿಂದೆ ಅಂಥದೊಂದು ಗೆರೆ ನನಗೆ ಸಿಕ್ಕಿತು. ಜಗತ್ತಿನಲ್ಲಿ ಅದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಮರುವರ್ಷ ಮತ್ತೆ ಹಿಡಿದೆ. ಹೋದ ವರ್ಷ ಅದು ಹತ್ತಿರ ಬಂದದ್ದು ಮಳೆಗಾಲದಲ್ಲಿ. ನಾನೂ ಗುಮ್ಮಟ ತಿರುಗಿಸುವ ಬಾಷುಮಿಯಾನೂ ಮೋಡ ನೋಡುತ್ತ ಕುಳಿತದ್ದೇ ಬಂತು.

ಈ ಡಿಸೆಂಬರಿನ ಕೊನೆಗೆ ಅದು ಮತ್ತೆ ಬರುತ್ತದೆ. ಸಿಕ್ಕರೆ ಅದರ ದಾರಿ ಗಟ್ಟಿಯಾಗುತ್ತದೆ, ಖಾಯಂ ಸಂಖ್ಯೆ ಬೀಳುವ ಹಾದಿ ತೆರೆಯುತ್ತದೆ. ತಪ್ಪಿದರೆ ಮುಂದೆ ಎಲ್ಲಿ ಹುಡುಕಬೇಕೆಂದು ನನಗೂ ಹೇಳಲು ಬರುವುದಿಲ್ಲ. ಕಳೆದುಹೋಯಿತು ಎಂದು ಬರೆದು ಕೈ ತೊಳೆದುಕೊಳ್ಳುವುದು. ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ನನ್ನದು ಎನ್ನುವಂಥದು ಅದೊಂದೇ. ಹಾಗಾಗಿ ಎಳ್ಳ ಅಮಾಸಿಗೆ ಬರುವುದಿಲ್ಲ. ಕಡುಬು, ಭಜ್ಜಿ ಎಂದು ಆಸೆ ತೋರಿಸಬೇಡ.

ರಾಜ್ಯ ಒಡೆಯುವ ಗಲಾಟೆಯಲ್ಲಿ ನಮ್ಮಿಂದ ಏನೇನೋ ಬರೆಸಿಕೊಳ್ಳುತ್ತಿದ್ದಾರೆ. ಅದು ನಿನಗೆ ಬೇಡದ ಸುದ್ದಿ.

ಬಸವಂತ್ರಾಯ


ಸಗರ
೩ ಸೆಪ್ಟೆಂಬರ್ ೧೯೫೬

ತಮ್ಮ ಬಸವಂತಗ ಅಕ್ಕ ಶೇಖಮ್ಮನ ಆಶೀರ್ವಾದ.

ನಿನ್ನ ಸಿಟ್ಟಿನ ಪತ್ರ ಮುಟ್ಟಿತು. ಸಿಟ್ಟು ಇಳಿಯೋ ಸುದ್ದಿ ಬರದೀನಿ, ಕುಂತು ಓದು.

ನಿಜಾಮನ ರಾಜ್ಯ ಮೂರು ಪಾಲ ಆಗಾಕತ್ತದ. ನಮ್ಮದು ಕನ್ನಡದಾಗ ಬರತದ. ಅಂಬ್ರಪ್ಪ ಹೇಳ್ತಾನ, ಕಚೇರಿಯಾಗಿನ ಕಪಾಟು, ಕುರ್ಚಿ, ಜೀಪು ಎಲ್ಲಾ ಹಂಚತಾರಂತ. ಮತ್ತ ದುರ್ಬೀನ ಬಿಡತಾರೇನು? ದೊಡ್ಡವು ಎರಡು ಅವ ಅಂತ ನೀನೇ ಬರದಿದ್ದಿ. ಮನ್ಯಾಗ ಎರಡು ಹಂಡೆ ಇದ್ರ ಅಣ್ಣಗೊಂದು, ತಮ್ಮಗೊಂದು. ಸಣ್ಣವರೂ ಹೇಳ್ತಾರ ಇದನ್ನ.

ಹೋದ ಸೋಮವಾರ ಯಾದಗಿರಿ ಬಂಗ್ಲೇಕ ದೊಡ್ಡ ಸಾಹೇಬ ಬಂದಿದ್ದ. ಯಾವ ನೌಕರದಾರನ್ನ ಯಾವ ರಾಜ್ಯಕ್ಕ ಹಾಕಬೇಕು ಅಂತ ಕೇಳಿಕೊಳ್ಳಾವ. ನಾನು, ನಮ್ಮ ಮನಿಯವರು ನಿಮ್ಮ ಮಾವ ಮಲ್ಕಪ್ಪ, ಊರ ಹಿರಿಯರು ಎಲ್ಲಾ ಬಂಡಿ ಕಟ್ಟಿಕೊಂಡು ಹೋದಿವಿ. ಗಂಡಸರು ಒಬ್ಬರ ಹಿಂದ ಒಬ್ಬರು ಅಡಗಿದರು. ನಾನೇ ಎದ್ದು ನಿಂತೆ. "ಸಾಹೇಬರ, ನನ್ನ ತಮ್ಮ ಬಸವಂತ್ರಾಯ ನಿಮ್ಮ ಹೈದರಾಬಾದಿನ್ಯಾಗ ದುರ್ಬೀನ ನೋಡತಾನ. ಅವನ್ನೂ ಕೊಡ್ರಿ, ನಮ್ಮ ಪಾಲಿನ ದುರ್ಬೀನನೂ ಕೊಡ್ರಿ. ಶಹಾಪುರ ಗುಡ್ಡದ ಮ್ಯಾಲ ಜಾಗಾ ನೋಡೀವಿ" ಅಂದೆ.

ಸಾಹೇಬ ಕಾಗದ ತಿರುವಿ ಹಾಕಿ, "ನಿಮ್ಮ ತಮ್ಮ ಹೈದರಾಬಾದಿನ್ಯಾಗೇ ಇರ್ತೀನಿ ಅಂತ ಬರದುಕೊಟ್ಟಾನಲ್ಲ ತಾಯಿ" ಅಂದ. ನನಗ ಗೊತ್ತಿಲ್ಲೇನು ನಿನ್ನ ಹಣೇಬರಾ? "ಅದು ಅವನ ಮನಸಿನ ಮಾತಲ್ಲರಿ, ಮ್ಯಾಲಿನವರು ಜುಲುಮಿಲೆ ಬರಸಿರಬೇಕು. ಅವನ ಅಕ್ಕ ನಾ ಹೇಳಾಕತ್ತೀನಿ, ಅವ ನಮ್ಮಾವ" ಅಂದೆ. ಸಾಹೇಬ ಒಪ್ಪಿದ. ಹುಡುಗನ್ನ ಖಂಡಿತ ಕೊಡ್ತೀವಿ ಅಂದ. ದುರ್ಬೀನದ ಮಾತಿಗೆ ಎಲ್ಲಾರೂ ಖುಷಿಲೆ ನಕ್ಕರು.

ಇನ್ನ ನಿನಗ ಅಂಜಿಕಿ ಇಲ್ಲ. ನಿನ್ನ ಬಿಡಿಸಿಕೊಂಡೀನಿ. ಡಿಸೆಂಬರಿನ್ಯಾಗ ನಿನ್ನ ಕಲ್ಲನ್ನ ನಮ್ಮ ಗುಡ್ಡದ ಮ್ಯಾಲಿಂದ ನೋಡೀಯಂತ.

ನಿನ್ನ ಅಕ್ಕ


ಹೈದರಾಬಾದು
೧೮ ಅಕ್ಟೋಬರ್ ೧೯೫೬

ಅಕ್ಕಾ,

ಬಿಡಿಸಿಕೊಂಡೆಯಲ್ಲ, ಬಿಡಿಸಿಕೊಂಡದ್ದನ್ನು ನೋಡು. ನಿನ್ನೆ ಹುಕುಂ ಬಂತು. ನವೆಂಬರ್ ಒಂದರಿಂದ ನಾನು ಮೈಸೂರು ರಾಜ್ಯದ ನೌಕರ. ಮೈಸೂರು ರಾಜ್ಯದವರ ಕೈಯಲ್ಲಿ ನನ್ನ ಕೆಲಸಕ್ಕೆ ಆಗುವಂಥ ದುರ್ಬೀನಿಲ್ಲ, ನನ್ನಂಥವನಿಗೆ ಹುದ್ದೆಯೂ ಇಲ್ಲ. ಅದಕ್ಕೆ ಸುರಪುರ ತಹಸೀಲು ಕಚೇರಿಯಲ್ಲಿ ಗುಮಾಸ್ತನಾಗಿ ಹಾಕಿದ್ದಾರೆ. ಮಳೆ ಎಷ್ಟು ಬಿತ್ತು, ಜೋಳ ಎಷ್ಟು ಬೆಳೆಯಿತು ಎಂದು ಬರೆಯುವ ಕೆಲಸ. ಕಾರಣ ಏನು ಗೊತ್ತೇ? "ಸ್ಥಳೀಯ ಜನರ ಒತ್ತಾಯದ ಮೇರೆಗೆ." ಆ ಸ್ಥಳೀಯ ಜನ ಎಂದರೆ ನೀನು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಅಂಬ್ರಪ್ಪ ಹೇಳಿದ, ನೀನು ಬಂಡಿ ಕಟ್ಟಿದೆ. ದುರ್ಬೀನು ಎಂದರೆ ಹಂಡೆ ಎಂದು ತಿಳಿದೆಯಾ? ನೆಲದಲ್ಲಿ ಹೂತ ಕಲ್ಲಿನ ಕಂಬದ ಮೇಲೆ ಅದನ್ನು ಕೂರಿಸಿದ್ದಾರೆ. ಸುತ್ತ ಗುಮ್ಮಟ ಕಟ್ಟಿದ್ದಾರೆ. ಕಿತ್ತರೆ ಅದು ಬರೀ ಕೊಳವೆ. ಅದನ್ನು ಪಾಲು ಮಾಡಿ ಶಹಾಪುರ ಗುಡ್ಡಕ್ಕೆ ಹೇರಿಕೊಂಡು ಬರುತ್ತಾರೆ ಎಂದು ನಂಬಿದ ಊರಿಗೆ ಏನು ಹೇಳಲಿ?

ಇನ್ನೊಂದು ಮಾತು, ಸರಿಯಾಗಿ ಓದಿಕೊ. ನನ್ನಿಂದ ಯಾರೂ ಜುಲುಮಿನಿಂದ ಬರೆಸಲಿಲ್ಲ. ಇಲ್ಲಿಯೇ ಇರುತ್ತೇನೆ ಎಂದು ನಾನೇ ಬರೆದೆ, ನನ್ನ ಕೈಯಾರೆ, ಪೂರ್ಣ ಮನಸ್ಸಿನಿಂದ. ತಾಂತ್ರಿಕ ಕೆಲಸದವರನ್ನು ಬಿಟ್ಟುಬಿಡುವ ಮಾತು ನಡೆದಿತ್ತು. ನಿನ್ನ ಬಂಡಿ ಯಾದಗಿರಿಗೆ ಹೋಗದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಎರಡು ತಿಂಗಳು ಉಳಿದರೆ ಸಾಕಿತ್ತು, ಅಕ್ಕಾ. ಎರಡೇ ತಿಂಗಳು.

ಹುಟ್ಟಿದಾಗಿನಿಂದ ನನ್ನನ್ನು ಒಂದು ಮಾತು ಕೇಳಿದವರಿಲ್ಲ. ಅಪ್ಪ ಕುರಿ ಕಾಯಲು ಬಿಟ್ಟ, ಕೇಳಲಿಲ್ಲ. ಮಾಸ್ತರರು ಉರ್ದು ಶಾಲೆಗೆ ಎಳೆದುಕೊಂಡು ಹೋದರು, ಕೇಳಲಿಲ್ಲ. ಈಗ ನೀನು. ಊರಿಗೆ ಉಪಕಾರಿ, ಮನೆಗೆ ಮಾರಿ.

ಬಸವಂತ್ರಾಯ


ಸಗರ
೬ ನವೆಂಬರ್ ೧೯೫೬

ಬಸವಂತಾ,

ನಿನ್ನ ಕೈಲೇ ಬರದಿ. ಪೂರ್ಣ ಮನಸಿಂದ ಬರದಿ. ಓದಿ ಪತ್ರ ಒಲಿಗೆ ಹಾಕಬೇಕು ಅಂದೆ, ನಿಮ್ಮ ಮಾವ ಕಸಕೊಂಡ.

ಸಾಹೇಬನ ಮುಂದ ನಾ ಆಣಿ ಮಾಡಿ ಹೇಳೀನಿ, ನನ್ನ ತಮ್ಮ ಹಂಗ ಬರಿಯಾವ ಅಲ್ಲ ಅಂತ. ನನ್ನ ಬಾಯಿಲೆ ಸುಳ್ಳು ಹೇಳಿಸಿದಿ. ಜುಲೈದಾಗ ಒಂದು ಪತ್ರ ಪೂರಾ ಕಲ್ಲಿನ ಪುರಾಣ ಬರದಿ, ಈ ಮಾತು ಮಾತ್ರ "ನಿನಗ ಬ್ಯಾಡದ ಸುದ್ದಿ" ಅಂದಿ. ನನಗ ಹೇಳಿದ್ದರ ನಾ ಯಾದಗಿರಿಗೆ ಹೋಗತಿದ್ನೇನು?

ರಜಾಕಾರರ ಗದ್ದಲದಾಗ ನಾವು ಕುರಿ ಹೊಡಕೊಂಡು ಗಡಿ ದಾಟಿ ತಾಳಿಕೋಟಿ ಕಡೆ ಓಡಿದ್ದು ನೆನಪದ ಏನು? ನಿನಗ ಹೆಂಗ ಇರಬೇಕು, ನೀ ಇರಲಿಲ್ಲ. ಅಪ್ಪ ಅಲ್ಲೇ ತೀರಿಹೋದ. ಇಲ್ಲಿ ನಮ್ಮ ಮನಿ ಬಾಗಲಾ ಕಾಯ್ದಾಕಿ ಬಾಜೂಮನಿ ಖುರ್ಷೀದಬೇಗಂ. ಮಿಲಿಟರಿ ಬಂದು ದಿನಮಾನ ತಿರುಗಿ ಬಿದ್ದಾಗ ಅಕಿ ಮನಿ ಬಾಗಲಾ ನಾವು ಕಾಯ್ದಿವಿ. ಆ ವರ್ಷ ನಿನ್ನಿಂದ ಬಂದದ್ದು ಒಂದ ಪತ್ರ. ಏನು ಬರದಿದ್ದಿ? ಬೆಳಗಿನ ಜಾವ ಬಾಲದ ಚುಕ್ಕಿ ಕಾಣತದ, ನೋಡ್ರಿ ಅಂತ. ಅವತ್ತೂ ನಾ ಏನೂ ಅನ್ನಲಿಲ್ಲ. ಇವತ್ತು ಅಂತೀನಿ. ನಿನಗ ಮ್ಯಾಲ ನೋಡಾಕ ಬರತದ, ಬಾಜೂಕ ನೋಡಾಕ ಬರಂಗಿಲ್ಲ.

ಒಂದನೇ ತಾರೀಖಿಗೆ ರಾಜ್ಯ ಆತು. ದೀಪಾವಳಿನೂ ಕೂಡಿ ಬಂತು, ಊರತುಂಬ ದೀಪ. ಎಲ್ಲಾರೂ ಕೇಳೋರು, ಶೇಖಮ್ಮಾ ದುರ್ಬೀನ ಯಾವಾಗ ಬರತದ, ಯಾವಾಗ ಬರತದ. ಒಳಗ ಹೋಗಿ ಬಾಗಲಾ ಹಾಕ್ಕೊಂಡೆ.

ಸುರಪುರಕ್ಕ ಬಾ, ಬರಬ್ಯಾಡ, ನಿನ್ನ ಖುಷಿ. ನಾ ಇನ್ನ ಬರಿಯಂಗಿಲ್ಲ.

ಶೇಖಮ್ಮ


ಸುರಪುರ
೨೫ ನವೆಂಬರ್ ೧೯೫೬

ಅಕ್ಕಾ,

ಬರೆಯುವುದಿಲ್ಲ ಎಂದವಳಿಗೆ ಬರೆಯುತ್ತಿದ್ದೇನೆ. ಸಗರಕ್ಕೆ ಇಲ್ಲಿಂದ ಬಸ್ಸಿದೆ, ಗೊತ್ತು. ಬರುವ ಮನಸ್ಸಿಲ್ಲ, ಅದಕ್ಕೇ ಟಪಾಲು.

ನಿನ್ನೆ ಅಂಬ್ರಪ್ಪ ಶಹಾಪುರದಿಂದ ಟಪಾಲು ತಂದಿದ್ದ. ಯಾದಗಿರಿ ಬಂಗಲೆಯಲ್ಲಿ ನಿಜವಾಗಿ ಏನಾಯಿತು ಎಂದು ಚಹಾ ಕುಡಿಯುತ್ತ ಬಾಯಿ ಬಿಟ್ಟ. "ದುರ್ಬೀನ ಅಷ್ಟೇ ಯಾಕವ್ವ, ನಿಮ್ಮ ಪಾಲಿಗೆ ಅರ್ಧ ಚಂದ್ರನ್ನೂ ಕಳಸ್ತೀವಿ" ಎಂದನಂತೆ ಸಾಹೇಬ. ನೀನು ಎದ್ದು ನಿಂತಂತೆ ಆ ಸಾಹೇಬ ತಾನೂ ಎದ್ದು ನಿಂತು, ಸೊಂಟದ ಮೇಲೆ ಕೈ ಇಟ್ಟು, ನಿನ್ನ ಮಾತನ್ನು ನಿನ್ನ ದನಿಯಲ್ಲೇ ಆಡಿ ತೋರಿಸಿದನಂತೆ. ಬಂಗಲೆ ತುಂಬ ನಗು. ನೀನು ಕೂರದೆ ನಿಂತೇ ಇದ್ದೆಯಂತೆ, ಹುಡುಗನನ್ನು ಕೊಡುತ್ತೇವೆ ಎಂದು ಅವನು ಬರೆದುಕೊಳ್ಳುವ ತನಕ. ನನಗೆ ಬರೆದದ್ದು ಖುಷಿಯಿಂದ ನಕ್ಕರು ಎಂದು.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಆದರೆ ಆ ಸಾಹೇಬನ ಮೇಲೆ ಬಂದ ಸಿಟ್ಟಿನ ಮುಂದೆ ಅದು ಏನೂ ಅಲ್ಲ. ತಮಾಷೆಗೆ ಒಬ್ಬ ಮನುಷ್ಯನ ಕೆಲಸವನ್ನೇ ಕಿತ್ತು ಎಸೆದ. ಒಂದು ಕೆಲಸ ನಗುತ್ತ ಮಾಡಿದರೆ ಅದು ತಪ್ಪಲ್ಲ ಎಂದು ಈ ದೊಡ್ಡವರಿಗೆ ಯಾರು ಕಲಿಸಿದರೋ.

ಇಲ್ಲಿ ಕಚೇರಿಯ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇದೆ. ಬೆಳಿಗ್ಗೆ ಬಗ್ಗಿ ನೋಡಿ ಸೊನ್ನೆ ಎಂದು ಬರೆಯುತ್ತೇನೆ. ಮಳೆ ಮುಗಿದು ಎಷ್ಟೋ ದಿನವಾಯಿತು, ಡಬ್ಬಿಯಲ್ಲಿ ಜೇಡ ಬಲೆ ಕಟ್ಟಿದೆ. ಮೇಲೆ ಆಕಾಶ ತೊಳೆದಿಟ್ಟ ತಾಟಿನ ಹಾಗಿದೆ, ಅದನ್ನು ನೋಡಿದರೆ ಹಲ್ಲು ಕಡಿಯಬೇಕು ಅನಿಸುತ್ತದೆ. ತಹಸೀಲ್ದಾರರು ಬಂದವರಿಗೆಲ್ಲ "ಇವರು ಹೈದರಾಬಾದಿನ ದೊಡ್ಡ ಜೋಯಿಸರು" ಎಂದು ನನ್ನನ್ನು ತೋರಿಸುತ್ತಾರೆ. ಮೊನ್ನೆ ತಮ್ಮ ಮಗಳ ಜಾತಕ ತಂದು ಕೈಯಲ್ಲಿಟ್ಟರು. ನನಗೆ ಬರುವುದಿಲ್ಲ ಎಂದೆ. ಸೊಕ್ಕು ಎಂದುಕೊಂಡಿದ್ದಾರೆ.

ಬಾಷುಮಿಯಾ ಪತ್ರ ಹಾಕಿದ್ದಾನೆ. ವೇಧಶಾಲೆಗೆ ಹೊಸ ಮುಖ್ಯಸ್ಥರು ಬಂದಿದ್ದಾರೆ. ದೊಡ್ಡ ದುರ್ಬೀನನ್ನು ಬೇರೆ ಕೆಲಸಕ್ಕೆ ಹಚ್ಚಿದ್ದಾರೆ. ನನ್ನ ಗ್ರಹವನ್ನು ಹುಡುಕುವವರು ಯಾರೂ ಇಲ್ಲ. ಹೋಗಿ ಕೇಳಲು ನನಗೇನು ಹಕ್ಕಿದೆ? ನಾನೀಗ ಪರರಾಜ್ಯದ ಗುಮಾಸ್ತ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಕೈ ಚಾಚುವುದಿಲ್ಲ. ಅದು ಬರುತ್ತದೆ, ಹೋಗುತ್ತದೆ. ನಾನಿಲ್ಲಿ ಸೊನ್ನೆ ಬರೆಯುತ್ತಿರುತ್ತೇನೆ.

ಬಸವಂತ್ರಾಯ


ಯಾದಗಿರಿ ಟೇಶನ್
೧೪ ಡಿಸೆಂಬರ್ ೧೯೫೬

ತಮ್ಮಾ,

ಬಸ್ಸಿಗೆ ಇನ್ನಾ ಹೊತ್ತದ, ಇಲ್ಲೇ ಕುಂತು ಬರಿಯಾಕತ್ತೀನಿ. ನಾ ಹೈದರಾಬಾದಿಗೆ ಹೋಗಿ ಬಂದೆ. ಪತ್ರ ಹರಿದು ಒಗಿಬ್ಯಾಡ, ಪೂರಾ ಓದು.

ಖುರ್ಷೀದಬೇಗಂ ತನ್ನ ಮಗಳು ಆಮೀನಾನ್ನ ಬಾಣಂತನಕ್ಕ ಕರಕೊಂಡು ಬರಾಕ ಹೊಂಟಿದ್ಲು. ಅಕಿ ಜೋಡಿ ರೈಲು ಹತ್ತಿದೆ. ಅಂಬ್ರಪ್ಪ ಬಾಯಿ ಬಿಟ್ಟಾನ ಅಂತ ನಿನ್ನ ಪತ್ರದಾಗ ಓದಿದಾಗಿಂದ ನನಗ ಅನ್ನ ಸೇರವಲ್ದಾಗಿತ್ತು. ನೀ ನಗೋದು ಬ್ಯಾಡ ಅಂತ ಮುಚ್ಚಿಟ್ಟಿದ್ದೆ. ಹೋಗಲಿ.

ನಿಮ್ಮ ಹೊಸ ಸಾಹೇಬ ಪಾಲಮೂರ ಕಡೆ ಹಳ್ಯಾಗಿನವರು, ತೆಲುಗಿನವರು. ನಮ್ಮ ಅವ್ವ ಗುರುಮಠಕಲ್ಲಿನಾಕಿ, ಅಕಿ ಕಲಿಸಿದ ತೆಲುಗು ಉಪಯೋಗಕ್ಕ ಬಂತು. ಮಾತೆಲ್ಲಾ ತೆಲುಗಿನ್ಯಾಗೇ ಆತು, ನಿನಗ ನಮ್ಮ ಮಾತಿನ್ಯಾಗ ಬರೀತೀನಿ.

ಮದಲ ಬಾಷುಮಿಯಾ ನನ್ನ ಗುಮ್ಮಟದಾಗ ಕರಕೊಂಡು ಹೋದ. ದುರ್ಬೀನ ನೋಡಿದೆ. ಸುತ್ತೆಲ್ಲಾ ಹಾಯ್ದು ನೋಡಿದೆ. ನಾ ಹಂಡೆ ಅಂದುಕೊಂಡಿದ್ದೆ. ಅದು ಹಂಡೆ ಅಲ್ಲ, ಬಾವಿ.

ಸಾಹೇಬರಿಗೆ ಅಂದೆ: "ಹೊಲ ಪಾಲ ಆಗತಾವ, ಎತ್ತು ಪಾಲ ಆಗತಾವ. ಬಾವಿ ಪಾಲ ಆಗಂಗಿಲ್ಲರಿ. ಬಾವಿಗೆ ಪಾಳಿ ಹಾಕತಾರ. ಅಣ್ಣತಮ್ಮರು ಮಾರಿ ಮಾರಿ ನೋಡದಿದ್ರೂ, ಪಾಳಿ ಬಂದ ದಿನ ನೀರ ಎತ್ತಾಕ ಯಾರೂ ಅಡ್ಡ ಬರಂಗಿಲ್ಲ. ನನ್ನ ತಮ್ಮ ಇಲ್ಲೇ ಹದಿನೆಂಟು ವರ್ಷ ನೀರ ಎತ್ಯಾನ. ಅವನ ಪಾಳಿ ಅವಗ ಕೊಡ್ರಿ."

ಸಾಹೇಬರು ನಕ್ಕರು. ಇದು ಯಾದಗಿರಿ ನಗಿ ಅಲ್ಲ, ಬ್ಯಾರೆ ನಗಿ. "ನಮ್ಮ ಮನ್ಯಾಗೂ ಬಾವಿ ಪಾಳಿ ಜಗಳ ಇನ್ನೂ ಮುಗದಿಲ್ಲಮ್ಮ" ಅಂದರು. ಆಮ್ಯಾಲ ಏನಂದ್ರು ಗೊತ್ತದ ಏನು? "ನಿಮ್ಮ ತಮ್ಮ ತಾನೇ ಬೇಕಂತ ಹೋಗ್ಯಾನ ಅಂತ ನಾ ತಿಳಿದಿದ್ದೆ. ನಿಮ್ಮ ಊರವರೇ ಕೇಳಿಕೊಂಡಿದ್ರಲ್ಲ. ಯಾರಿಗೂ ಒಂದು ಮಾತು ಹೇಳದೇ ಗಂಟು ಕಟ್ಟಿಕೊಂಡು ಹೋದನಂತ. ಒಂದು ಪತ್ರನೂ ಹಾಕಲಿಲ್ಲ." ಕೇಳಿದಿಯಿಲ್ಲೋ? ಬಾಗಲಾ ತೆರದೇ ಇತ್ತು. ನೀ ಮಾನ, ಆನಿ, ಅಡಕಿ ಅಂತ ಗಾದಿ ಹೇಳಕೋತ ಕುಂತಿ. ಬಾಯಿ ಬಿಟ್ಟು ಕೇಳಿದ್ರ ನಿನ್ನ ಬಾಯಾಗಿನ ಮುತ್ತು ಉದರತಿದ್ದವೇನು? ನಿನ್ನ ನೆನಸಿಕೊಂಡ್ರ ಕಪಾಳಕ್ಕ ಎರಡು ಕೊಡಬೇಕು ಅನಸತದ.

ಎಳ್ಳ ಅಮಾಸಿ ವಾರ ಪೂರಾ ನಿನ್ನ ಪಾಳಿ. ಆಗ ಚಂದ್ರನ ಕಾಟ ಇರಂಗಿಲ್ಲ ಅಂತ ಅವರೇ ಹೇಳಿದರು. ತಹಸೀಲ್ದಾರ ರಜಾ ಕೊಡದಿದ್ರ ಅವನ ಮಗಳ ಜಾತಕ ಭಾಳ ಛಲೋ ಅದ ಅಂತ ಹೇಳು.

ನಿನ್ನ ಮ್ಯಾಲಿನ ಸಿಟ್ಟು ಹಂಗೇ ಅದ.

ಅಕ್ಕ


ಹೈದರಾಬಾದು
೫ ಜನವರಿ ೧೯೫೭

ಅಕ್ಕಾ,

ಸಿಕ್ಕಿತು.

ಮೊದಲೆರಡು ರಾತ್ರಿ ಮಂಜು. ಆಮೇಲೆ ತೆರವಾಯಿತು. ಲೆಕ್ಕ ಹಾಕಿದ ಜಾಗದಲ್ಲಿ ಏನೂ ಇರಲಿಲ್ಲ. ಫಲಕದ ಮೂಲೆಯಲ್ಲಿ, ಇಷ್ಟು ದೂರ ಹೋಗಿರಲಾರದು ಎಂದು ನಾನು ನೋಡದೇ ಬಿಟ್ಟ ಕಡೆ ಇತ್ತು. ಅಷ್ಟು ಸಣ್ಣ ಗೆರೆ. ಮರುದಿನದ ಫಲಕದಲ್ಲಿ ಸರಿಯಾಗಿ ಸರಿದಿತ್ತು. ಇನ್ನೊಂದು ಸುತ್ತು ತಪ್ಪಿದ್ದರೆ ಹೋಗಿಯೇ ಬಿಡುತ್ತಿತ್ತು. ಬಾಷುಮಿಯಾ ಚಹಾ ಕಾಯಿಸಿದ. ನನಗೆ ಕುಡಿಯಲಾಗಲಿಲ್ಲ, ಅಳು ಬಂತು. ಮುಖ್ಯಸ್ಥರು ನನ್ನ ಹೆಸರಿನಲ್ಲೇ ಅಳತೆಗಳನ್ನು ಪರದೇಶಕ್ಕೆ ಕಳಿಸಿದ್ದಾರೆ.

ಈಗ ನಿನಗೆ ಹೇಳದೆ ಮುಚ್ಚಿಡಬಾರದ ಮಾತು. ಇಲ್ಲಿ ಒಂದು ತಾತ್ಕಾಲಿಕ ಜಾಗ ಇದೆಯಂತೆ. ಫಲಕ ಅಳೆಯುವ ಕೆಲಸ, ಇಲ್ಲಿ ಮೊದಲು ಸೇರಿದಾಗ ಮಾಡುತ್ತಿದ್ದೆನಲ್ಲ, ಅದೇ. ಹದಿನೆಂಟು ವರ್ಷ ಲೆಕ್ಕಕ್ಕಿಲ್ಲ. ಮೈಸೂರು ನೌಕರಿಗೆ ರಾಜೀನಾಮೆ ಕೊಟ್ಟು ಬರಬೇಕು. ಸಂಕ್ರಾಂತಿಯ ಹೊತ್ತಿಗೆ ಹೇಳು ಎಂದಿದ್ದಾರೆ.

ಬೇಡ ಎನ್ನುವವನಿದ್ದೇನೆ. ಊರು ಒಮ್ಮೆ ನಿನ್ನನ್ನು ನೋಡಿ ನಕ್ಕಿತು. ತಮ್ಮ ಆಂಧ್ರಕ್ಕೆ ಓಡಿ ಹೋದ ಎಂದು ಇನ್ನೊಮ್ಮೆ ನಗುವುದು ಬೇಡ. ಅಪ್ಪ ಗಡಿಯಾಚೆ ಸತ್ತಾಗ ನಾನು ನಿಮ್ಮ ಜೊತೆ ಇರಲಿಲ್ಲ, ನೀನು ಬರೆದದ್ದು ನಿಜ. ರಾಜ್ಯ ಬೇಕೆಂದು ಎದ್ದು ನಿಂತವಳು ನೀನು. ನಿನ್ನ ಮಾತಿನಂತೆಯೇ ಆಗಲಿ. ರಜೆ ಮುಗಿದ ಕೂಡಲೇ ಸುರಪುರಕ್ಕೆ ಬರುತ್ತೇನೆ, ಡಬ್ಬಿ ನೋಡುತ್ತೇನೆ, ಸೊನ್ನೆ ಬರೆಯುತ್ತೇನೆ. ನೀನು ಗೆದ್ದೆ, ಸಾಕಲ್ಲ?

ಬಸವಂತ್ರಾಯ


ಸುರಪುರ
೧೦ ಜನವರಿ ೧೯೫೭

ಬಸವಂತಾ,

ನನ್ನ ಮಾರಿ ನೋಡಿ ಬಾ ಅಂತ ನಿನಗ ಯಾರು ಹೇಳಿದರು? ಊರು ನಕ್ಕರ ನಗಲಿ. ಊರಿಗೆ ಹಲ್ಲು ಅವ, ನಗತದ. ನನ್ನ ಮ್ಯಾಲ ಉಪಕಾರ ಹೊರಿಸಿ, ಜೀವನಪೂರಾ ಆ ಡಬ್ಬಿ ಮುಂದ ಬಗ್ಗಿ ನಿಂತು, "ಅಕ್ಕನ ಸಲುವಾಗಿ" ಅಂತ ಒಳಗೊಳಗೇ ಉರಕೋತ ಇರಾಂವ ಇದ್ದಿ ನೀ. ಅಂಥಾ ತಮ್ಮ ನನಗ ಬ್ಯಾಡ.

ಪತ್ರ ಓದಿದ್ದ ತಡ, ಅಂಬ್ರಪ್ಪನ ಕಡಿಂದ ನಿನ್ನ ರಾಜೀನಾಮೆ ಬರಸಿದೆ. ಕೆಳಗ ನಿನ್ನ ಹೆಸರು ನಾನೇ ಬರದೆ. ನೀನೇ ಕಲಿಸಿದ ಅಕ್ಷರ, ಯಾರಿಗೂ ಫರಕು ಗೊತ್ತಾಗಂಗಿಲ್ಲ. ಅದನ್ನ ತಗೊಂಡು ಬಸ್ಸು ಹತ್ತಿ ಇಲ್ಲಿ ಕಚೇರಿಗೆ ಬಂದೆ. ತಹಸೀಲ್ದಾರ ಒಳಗ ಕುಂತಿದ್ದ. ಜವಾನ "ಒಳಗ ಬರ್ರಿ" ಅಂದ.

ಮೆಟ್ಟಲ ಮುಂದ ನಿಂತು ಕಾಗದ ಇನ್ನೊಮ್ಮೆ ಓದಿದೆ. ಯಾದಗಿರಿಯಾಗ ಎದ್ದು ನಿಂತಾಗ ನಿನ್ನ ಕೇಳಿರಲಿಲ್ಲ. ಹೈದರಾಬಾದಿಗೆ ಹೋದಾಗೂ ಕೇಳಲಿಲ್ಲ. ಒಂದು ಸಲ ಕೆಟ್ಟತು, ಒಂದು ಸಲ ಛಲೋ ಆತು. ಆದರ ಎರಡು ಸಲನೂ ನಿನ್ನ ಬಾಯಿ ನಾನೇ ಆಗಿದ್ದೆ. ಜವಾನಗ ಆಮ್ಯಾಲ ಬರ್ತೀನಿ ಅಂತ ಹೇಳಿ ಹೊರಗ ಬಂದೆ. ಕಾಗದ ಹರದು ಹಾಕಿದೆ. ಈಗ ಬಸ್ ನಿಲ್ಲೋ ಕಟ್ಟೀ ಮ್ಯಾಲ ಕುಂತೀನಿ.

ನನ್ನ ಮನಸು ಮುಚ್ಚಿಡಂಗಿಲ್ಲ. ನೀ ಇಲ್ಲೇ ಇರಬೇಕು. ಅವ್ವ ಇಲ್ಲ, ಅಪ್ಪ ಇಲ್ಲ, ತವರು ಅಂದ್ರ ನನಗ ನೀ ಒಬ್ಬಾವ. ನೀ ಹೋದ್ರ ನನಗ ಸಿಟ್ಟು ಬರತದ, ಭಾಳ ದಿನ ಇರತದ. ಅದು ನನ್ನ ಪಾಲಿಂದು, ನಾ ನೋಡಕೋತೀನಿ.

ಸಂಕ್ರಾಂತಿಗೆ ಅವರಿಗೆ ಏನು ಹೇಳತೀ ಅಂತ ನನಗ ಒಂದು ಮಾತು ಬರಿ. ನಿಜ ಇದ್ದದ್ದು ಬರಿ, ನನ್ನ ಸಲುವಾಗಿ ಬರಿಬ್ಯಾಡ.

ನಿನಗ ಏನು ಬೇಕು?

ಶೇಖಮ್ಮ